ಲೆಕ್ಕಾ ಕೇಳಿದ್ರ ಸಿಟ್ಯಾಕ?

ನಮ್ಮ ಹುಡುಗಗ ಕೀಬೋರ್ಡಿನ ಹುಚ್ಚ. ಬಿಡಿ ಸಾಮಾನು ತರಿಸಿ ತಾನ ಜೋಡಸ್ತಾನ. ಗುಂಡಿ ಮ್ಯಾಲಿನ ಟೊಪಗಿಗೆ ಕೀಕ್ಯಾಪ್ ಅಂತಾರಂತ. ಒಬ್ಬಾಂವ ಮಂದೀನ್ನ ಕೂಡಿಸಿ ಎಲ್ಲಾರ ರೊಕ್ಕಾ ಮೊದಲ ಇಸ್ಕೋತಾನ; ಇಂತಿಷ್ಟು ಸೆಟ್ ಆದ್ರನ ಜರ್ಮನಿ, ಚೀನಾದ ಫ್ಯಾಕ್ಟರಿಯವರು ಮಾಡಿಕೊಡೋದು. ಮಾಲ್ ಬರಾಕ ವರ್ಷಾನೂ ಹಿಡೀತದ. ಇರಲಿ, ನನ್ನ ತಕರಾರು ಅದಲ್ಲ.

"ಫ್ಯಾಕ್ಟರಿ ರೇಟ್ ಎಷ್ಟು, ಸಾಗಾಟ ಎಷ್ಟು, ಕಸ್ಟಮ್ಸ್ ಎಷ್ಟು, ನಿಮಗೆಷ್ಟು?" ಅಂತ ಇಂವಾ ಕೇಳಿದ್ದಕ್ಕ "ನಂಬಿಕಿ ಇಲ್ಲಂದ್ರ ಬಿಡು" ಅಂದ್ನಂತ. ಯಾಕ ಬಿಡಬೇಕು? ಅಂಗಡಿಯಾಂವ ತನ್ನ ರೊಕ್ಕಾ ಹಾಕಿ ಮಾಲ್ ತರ್ತಾನ, ಲುಕ್ಸಾನಾದ್ರ ಅವಂದ. ಅಂವಾ ಲೆಕ್ಕಾ ತೋರಸೂದು ಬ್ಯಾಡ. ನೀ ನಮ್ಮ ರೊಕ್ಕದಾಗ ತರಾಂವ! ಮಂದಿ ಹೆಚ್ಚಾಗಿ ರೇಟ್ ಇಳದ್ರ ಆ ಉಳಿಕಿ ಯಾರದು?

ನಾನೂ ಇದ್ರಾಗ ಸಿಕ್ಕೊಂಡಾಕಿನ. ಹೋದ ವರ್ಷ ಓಣಿಯ 8 ಮನಿಗೆ ಬ್ಯಾಡಗಿ ಮೆಣಸಿನಕಾಯಿ ತರಿಸಿದ್ದೆ. ಕಿಲೋಕ್ಕ 10 ರೂಪಾಯಿ ಮ್ಯಾಲ ಹಾಕಿದ್ದೆ, ಹೇಳಲಿಲ್ಲ. ಟೆಂಪೋ, ಹಮಾಲಿ, ದಿನಾ ಪೂರ್ತಿ ಕೆಮ್ಮಕೋತ ತೂಗಿ ಹಂಚಿದ್ದು. ಮೋಸ ಅಲ್ಲಂತನ ಅನಕೊಂಡಿದ್ದೆ. ಬಾಜೂ ಮನಿ ವೈನಿ "ಅಲ್ಲಿ ರೇಟ್ ಎಷ್ಟಿತ್ತವಾ?" ಅಂತ ಕೇಳಿದಾಗ ಮಾತ್ರ ನಾಲಿಗಿ ಹೊಳ್ಳಲಿಲ್ಲ. ಆಕಿ ಮತ್ತ ಕೇಳಲಿಲ್ಲ. ಈ ವರ್ಷ ಹೆಸರೂ ಹಚ್ಚಿಲ್ಲ.

ಕೂಲಿ ತಗೊಳ್ರಿ, ಬ್ಯಾಡನ್ನಂಗಿಲ್ಲ. ಆದರ ಚೀಟಿ ಮ್ಯಾಲ ಬರೀರಿ. ಈ ಸಲ ಮಾಲಿನ ರೇಟು, ಬಾಡಿಗಿ, ಹಮಾಲಿ, ನನ್ನ ಕೂಲಿ ಬ್ಯಾರೆ ಬ್ಯಾರೆ ಬರದು ನಮ್ಮ ಕಟ್ಟಿ ಮ್ಯಾಲ ಇಡಾಕಿ ನಾ. ಮೆಣಸಿನಕಾಯಿ ಬೇಕಾದವರು ಯುಗಾದಿ ಒಳಗ ಹೇಳ್ರಿ. ವೈನಿ, ನಿಮ್ಮ 3 ಕಿಲೋ ಹಿಡದ ಇಟ್ಟೇನಿ.