ವಿಧಿ ಸಮಿತಿ ಬಾಯಿ ತೆರೆಯಲಿ

ಕಾಯಿದೆ ಮಾಡುವುದು ವಿಧಾನಮಂಡಲ. ಮುಂಬಯಿಯಲ್ಲಿ ಅಂಗಡಿ ಹೋಟೆಲುಗಳ ಕಾಯಿದೆಯನ್ನು ನಡೆಸುವುದು ನಗರಪಾಲಿಕೆಯ ಇಲಾಖೆ. ಅದರ ಸುಖದುಃಖ ಉಣ್ಣುವವರು ದುಡಿಯುವ ನಾವು. ಈ ಮೂವರಲ್ಲಿ ನಗರಪಾಲಿಕೆಯು ನಮಗೆ ಅತ್ಯಂತ ಹತ್ತಿರದ್ದು. ಆದುದರಿಂದ ಸರಕಾರವು ನಮ್ಮ ದುಡಿಮೆಯ ಕಾಯಿದೆಗೆ ಕೈಹಚ್ಚಿದಾಗಲೆಲ್ಲ ನಗರಪಾಲಿಕೆ ತನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕೆಂಬುದು ನಮ್ಮ ಬೇಡಿಕೆ.

2025ರ ಸೆಪ್ಟೆಂಬರ್ 3ರಂದು ಮಹಾರಾಷ್ಟ್ರದ ಸಚಿವ ಸಂಪುಟವು ಎರಡು ತಿದ್ದುಪಡಿಗಳಿಗೆ ಒಪ್ಪಿಗೆ ಕೊಟ್ಟಿತು. ಅಂಗಡಿ ಹೋಟೆಲುಗಳಲ್ಲಿ ದಿನದ ದುಡಿಮೆ 9 ತಾಸಿನಿಂದ 10 ತಾಸಿಗೆ. ಕಾರಖಾನೆಗಳಲ್ಲಿ 9ರಿಂದ 12ಕ್ಕೆ. ಮೂರು ತಿಂಗಳಲ್ಲಿ ಮಾಡಿಸಬಹುದಾದ ಅಧಿಕ ದುಡಿಮೆ ಅಂಗಡಿಗಳಲ್ಲಿ 125 ತಾಸಿನಿಂದ 144ಕ್ಕೆ. ಇದಕ್ಕಿಂತಲೂ ದೊಡ್ಡ ಮಾತು ಇನ್ನೊಂದಿದೆ. 1948ರ ಮುಂಬಯಿ ಕಾಯಿದೆಯು ಹೋಟೆಲು, ಉಪಾಹಾರಗೃಹಗಳಿಗೆಂದೇ ಒಂದು ಅಧ್ಯಾಯವನ್ನಿಟ್ಟಿತ್ತು. 2017ರ ಹೊಸ ಕಾಯಿದೆಯು ಹತ್ತಕ್ಕಿಂತ ಕಡಿಮೆ ಆಳುಗಳಿರುವ ಸ್ಥಳಗಳನ್ನು ಬಹುತೇಕ ಹೊರಗೆ ಬಿಟ್ಟಿತು. 2025ರ ನಿರ್ಣಯವು ಆ ಗೆರೆಯನ್ನು ಇಪ್ಪತ್ತಕ್ಕೆ ಏರಿಸಿತು. ಇಪ್ಪತ್ತು ಜನರಿಲ್ಲದ ಹೋಟೆಲಿನ ಧಣಿ ಒಂದು ಸೂಚನಾಪತ್ರ ಕೊಟ್ಟರೆ ಸಾಕು. ವಾರದ ರಜೆ, ಅಧಿಕ ದುಡಿಮೆಗೆ ಇಮ್ಮಡಿ ಕೂಲಿ ಮುಂತಾಗಿ ಈ ಕಾಯಿದೆ ಕೊಡುವ ರಕ್ಷಣೆ ಅಲ್ಲಿನ ಆಳಿಗಿಲ್ಲ. ನಮ್ಮವರು ತಟ್ಟೆ ಎತ್ತುವ, ದೋಸೆ ಹೊಯ್ಯುವ ಸಣ್ಣ ಹೋಟೆಲುಗಳೆಷ್ಟು ಈ ಗೆರೆಯ ಕೆಳಗೆ ಬೀಳುತ್ತವೆಂಬುದನ್ನು ಓದುಗರೇ ಎಣಿಸಿ ನೋಡಲಿ.

ಆಗ ನಗರಪಾಲಿಕೆ ಏನು ಹೇಳಿತು? ಏನೂ ಹೇಳಲಿಲ್ಲ, ಹೇಳುವವರೇ ಇರಲಿಲ್ಲ. ಚುನಾಯಿತ ಸಭೆಯ ಅವಧಿ 2022ರ ಮಾರ್ಚ್ 7ರಂದು ತೀರಿತ್ತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನವು ವಿಧಿಸಿದ್ದರೂ ಮುಂಬಯಿ ಮತ ಹಾಕಿದ್ದು 2026ರ ಜನವರಿ 15ರಂದು. ನಡುವಿನ ನಾಲ್ಕು ವರ್ಷಗಳಿಗೆ ಹತ್ತಿರದ ಕಾಲ ಒಬ್ಬ ಆಡಳಿತಾಧಿಕಾರಿಯ ಕೈಯಲ್ಲಿ ಎಲ್ಲವೂ ಇತ್ತು. ವಿಧಿ ಸಮಿತಿ ಕೂಡಲಿಲ್ಲ, ಠರಾವು ಬರಲಿಲ್ಲ, ಚರ್ಚೆ ನಡೆಯಲಿಲ್ಲ. ಸರಕಾರದಿಂದ ನೇಮಕಗೊಂಡ ಅಧಿಕಾರಿ ಸರಕಾರದ ಮಸೂದೆಯನ್ನು ಪ್ರಶ್ನಿಸಿಯಾನೆಂದು ಯಾರೂ ನಿರೀಕ್ಷಿಸಲಾರರು.

ಕಾರ್ಮಿಕ ಕಾಯಿದೆ ರಾಜ್ಯದ ವಿಷಯ, ಗಟಾರ ದೀಪಗಳ ನಗರಪಾಲಿಕೆಗೆ ಅದರ ಗೊಡವೆ ಏಕೆಂದು ಕೇಳುವವರುಂಟು. ಮುಂಬಯಿ ನಗರಪಾಲಿಕೆಯೇ ರಾಜ್ಯದ 1888ರ ಕಾಯಿದೆಯಿಂದ ನಡೆಯುವಂಥದು, ಅದರ ಠರಾವು ಸರಕಾರವನ್ನು ಕಟ್ಟಿಹಾಕದೆಂಬುದು ನಿಜ. ಆದರೆ ಠರಾವು ನಿಷ್ಫಲವೆಂಬುದು ನಿಜವಲ್ಲ. 500 ಚದರಡಿಯವರೆಗಿನ ಮನೆಗಳಿಗೆ ಆಸ್ತಿ ತೆರಿಗೆ ಬೇಡವೆಂದು ಇದೇ ಸಭೆ 2017ರಲ್ಲಿ ಠರಾವು ಮಾಡಿತು. 2019ರಲ್ಲಿ ಸರಕಾರ ಸಾಮಾನ್ಯ ತೆರಿಗೆಯನ್ನಷ್ಟೇ ಬಿಟ್ಟಿತು. 2022ರಲ್ಲಿ ಪೂರ್ತಿ ಬಿಟ್ಟಿತು. ಮನೆಯೊಡೆಯರಿಗಾಗಿ ಎದ್ದ ಧ್ವನಿ ದುಡಿಯುವವರಿಗಾಗಿ ಏಕೆ ಏಳಬಾರದು? ಅಮೇರಿಕೆಯ ನ್ಯೂಯಾರ್ಕ್ ನಗರದಲ್ಲಿ ಇದು ಇನ್ನೂ ಗಟ್ಟಿ. ಆ ನಗರದ ಆಡಳಿತಕ್ಕೆ ಮಾತ್ರ ತಟ್ಟುವ ವಿಶೇಷ ಕಾಯಿದೆಯನ್ನು ರಾಜ್ಯ ಮಾಡಬೇಕಾದರೆ ನಗರಸಭೆಯ ಮೂರನೆಯ ಎರಡಂಶ ಸದಸ್ಯರು, ಇಲ್ಲವೆ ಮೇಯರೂ ಸದಸ್ಯರ ಬಹುಮತವೂ ಕೂಡಿ, ಕೇಳಿಕೊಳ್ಳಬೇಕು. ಅಂಥ ಹಕ್ಕು ನಮಗಿಲ್ಲ. ಇರುವ ಹಕ್ಕನ್ನಾದರೂ ಬಳಸೋಣ.

ಧಣಿಗಳಲ್ಲಿಯೂ ನಮ್ಮ ಜಿಲ್ಲೆಯವರೇ ಬಹಳ. ಬಾಡಿಗೆ, ಗ್ಯಾಸು, ದಿನಸಿಗಳ ಭಾರದಲ್ಲಿ ಅವರೂ ನಲುಗಿದ್ದಾರೆ. ಅವರ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಅವರ ಭಾರವನ್ನು ಆಳಿನ ನಿದ್ದೆಯಿಂದ ಇಳಿಸುವುದು ನ್ಯಾಯವಲ್ಲ. ವಾರಕ್ಕೆ 48 ತಾಸಿನ ಮಿತಿ ಹಾಗೆಯೇ ಇದೆಯೆಂದು ಸಮಾಧಾನ ಹೇಳುವವರು, ಕಾಯಿದೆಯೇ ತಟ್ಟದ ಹೋಟೆಲಿನಲ್ಲಿ ಆ ಮಿತಿಯನ್ನು ಕಾಯುವವರು ಯಾರೆಂದು ತಿಳಿಸಲಿ. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಅವರಿಗೆ ದಾರಿ ತೆರೆದದ್ದು ಸಂಜೆಯ ಆ ಒಂದೆರಡು ತಾಸೇ. ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆಯೂ ಪುಕ್ಕಟೆ ಸಿಕ್ಕಿದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಅರ್ಜಿ, ಸಭೆಗಳಿಂದ ಹೋರಾಡಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲೀಕರು ಒಪ್ಪಿದ್ದು.

ಈಗ 227 ವಾರ್ಡುಗಳಿಗೆ ಪ್ರತಿನಿಧಿಗಳಿದ್ದಾರೆ. ಯಾವ ಸದಸ್ಯನೂ ಠರಾವಿನ ಸೂಚನೆ ಕೊಡಬಹುದು. ಇಪ್ಪತ್ತರ ಗೆರೆಯನ್ನು ತೆಗೆಯಬೇಕು, ದಿನದ ದುಡಿಮೆ 9 ತಾಸು ಮೀರಕೂಡದು, ಸಣ್ಣ ಹೋಟೆಲಿನ ಆಳಿಗೂ ವಾರದ ರಜೆ ಬೇಕು: ಈ ಮೂರು ಮಾತುಗಳನ್ನು ವಿಧಿ ಸಮಿತಿಯು ಚರ್ಚಿಸಿ ಸರಕಾರಕ್ಕೆ ಬರೆಯಲಿ. ಒಪ್ಪದ ಸದಸ್ಯರು ಒಪ್ಪುವುದಿಲ್ಲವೆಂದು ಎದ್ದುನಿಂತು ಹೇಳಲಿ; ಅದೂ ನಮಗೆ ತಿಳಿದಿರಲಿ.

ಶ್ರಮಜೀವಿ ಬಂಧುಗಳೇ, ಹತ್ತು ಜನ ಕೂಡಿ ನಿಮ್ಮ ವಾರ್ಡಿನ ನಗರಸೇವಕರ ಬಾಗಿಲಿಗೆ ಹೋಗಿರಿ. ಅರ್ಜಿಯನ್ನು ಮರಾಠಿಯಲ್ಲಿ ಬರೆಸಿ, ಕೊಟ್ಟದ್ದಕ್ಕೆ ಸಹಿ ಮುದ್ರೆ ಪಡೆಯಿರಿ. ಮತ ಕೇಳಲು ಅವರು ನಮ್ಮ ಬಾಗಿಲಿಗೆ ಬಂದಿದ್ದರು. ನಮ್ಮ ತಾಸುಗಳ ಲೆಕ್ಕ ಕೇಳಲು ನಾವೂ ಹೋಗೋಣ.