ಇಬಾದಾನಿನ ಮೇಟ್ರನ್

1960ನೆಯ ಇಸವಿ ಅಕ್ಟೋಬರ್ 1ರಂದು ನೈಜೀರಿಯಾ ದೇಶವು ಸ್ವತಂತ್ರವಾಯಿತು. ಆದರೆ ಇಬಾದಾನ್ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ, ಆ ದೇಶದ ವೈದ್ಯರೂ ದಾದಿಯರೂ ಶಿಕ್ಷಣ ಪಡೆಯುತ್ತಿದ್ದ ಆ ಪ್ರತಿಷ್ಠಿತ ಸಂಸ್ಥೆಯಲ್ಲಿ, ಶುಶ್ರೂಷಾ ವಿಭಾಗದ ಸಮಸ್ತ ಅಧಿಕಾರವುಳ್ಳ ಮೇಟ್ರನ್ ಪದವಿಗೆ ಆ ನೆಲದ ಹೆಣ್ಣುಮಗಳೊಬ್ಬಳು ಏರಬೇಕಾದರೆ ಮತ್ತೆ ನಾಲ್ಕು ವರ್ಷಗಳು ಸಲ್ಲಬೇಕಾಯಿತು. 1964ರಲ್ಲಿ ಆ ಸ್ಥಾನವನ್ನು ಪಡೆದವರು ಶ್ರೀಮತಿ ಕೊಫೊವೊರೊಲಾ ಅಬೆನಿ ಪ್ರ್ಯಾಟ್. ರಾಜಕೀಯ ಸ್ವಾತಂತ್ರ್ಯವು ಆಸ್ಪತ್ರೆಯ ವಾರ್ಡನ್ನು ತಲುಪುವುದಕ್ಕೆ ಎಷ್ಟು ಕಾಲ ಹಿಡಿಯುವುದೆಂಬುದನ್ನು ಅರಿಯಬಯಸುವವರು ಇವರ ಜೀವನವನ್ನು ಪರಿಶೀಲಿಸಬೇಕು.

1915ರಲ್ಲಿ ಲಾಗೋಸಿನಲ್ಲಿ ಜನಿಸಿದ ಅವರಿಗೆ ದಾದಿಯಾಗಬೇಕೆಂಬ ಅಭಿಲಾಷೆ ಬಾಲ್ಯದಿಂದಲೇ ಇದ್ದಿತು. ತಂದೆ ಒಪ್ಪಲಿಲ್ಲ. ವಸಾಹತು ಸರಕಾರದ ಆಸ್ಪತ್ರೆಗಳಲ್ಲಿ ಮೇಲಿನ ಹುದ್ದೆಗಳೆಲ್ಲವೂ ಬ್ರಿಟಿಷ್ ಮಹಿಳೆಯರ ಪಾಲಿಗಿದ್ದು, ಸ್ಥಳೀಯರಿಗೆ ಕೆಳಗಿನ ಕೆಲಸಗಳೇ ಮೀಸಲಾಗಿದ್ದುದನ್ನು ಬಲ್ಲ ತಂದೆಯ ಅಡ್ಡಿಯಲ್ಲಿ ವಾತ್ಸಲ್ಯವೂ ವಿವೇಕವೂ ಇದ್ದುವೆಂದೇ ನಾನು ಭಾವಿಸುತ್ತೇನೆ. ಮಗಳು ಉಪಾಧ್ಯಾಯಿನಿಯಾದರು, ಔಷಧ ಶಾಸ್ತ್ರವನ್ನು ಬಲ್ಲ ಓಲು ಪ್ರ್ಯಾಟ್ ಅವರನ್ನು ವರಿಸಿದರು. ಪತಿಯು ವೈದ್ಯಶಾಸ್ತ್ರದ ಅಧ್ಯಯನಕ್ಕೆಂದು ಇಂಗ್ಲೆಂಡಿಗೆ ತೆರಳಿದ ಮೇಲೆ ಅವರೂ ಅಲ್ಲಿಗೆ ಹೋಗಿ, ತಮ್ಮ ಹಳೆಯ ಅಭಿಲಾಷೆಯನ್ನು ಅಲ್ಲಿ ಕೈಗೂಡಿಸಿಕೊಂಡರು.

ಅವರು 1946ರಲ್ಲಿ ಪ್ರವೇಶಿಸಿದುದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಸ್ಥಾಪಿಸಿದ ಶುಶ್ರೂಷಾ ಶಾಲೆಯನ್ನು. ಮೂವತ್ತು ದಾಟಿದ ಗೃಹಿಣಿಯೊಬ್ಬಳು ತನಗಿಂತ ಬಹಳ ಕಿರಿಯರಾದ ತರುಣಿಯರ ನಡುವೆ ಕುಳಿತು, ಪರದೇಶದ ಚಳಿಯಲ್ಲಿ, ಹಗಲಿರುಳಿನ ಪಾಳಿಗಳಲ್ಲಿ ದುಡಿದು ಕಲಿತುದು ಸಾಮಾನ್ಯವಾದ ಸಾಧನೆಯಲ್ಲ. ಬಣ್ಣ ಕಪ್ಪೆಂಬ ಏಕಮಾತ್ರ ಕಾರಣದಿಂದ ಅವರ ಆರೈಕೆಯನ್ನು ನಿರಾಕರಿಸಿದ ರೋಗಿಯೂ ಇದ್ದನು. ತನ್ನ ನೋವನ್ನು ಶಮನಗೊಳಿಸಲು ಬಂದ ಕೈಯನ್ನೇ ತಳ್ಳುವಷ್ಟು ಕುರುಡಾದ ದ್ವೇಷವನ್ನು ಸಹಿಸಿಕೊಂಡೂ ಅವರು ವೃತ್ತಿಯನ್ನು ಬಿಡಲಿಲ್ಲ. 1950ರಲ್ಲಿ ನೋಂದಾಯಿತ ದಾದಿಯಾದರು. 1948ರ ಜುಲೈಯಲ್ಲಿ ಆರಂಭವಾದ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ದುಡಿದ ಮೊದಲ ಕಪ್ಪು ದಾದಿಯರ ಸಾಲಿನಲ್ಲಿ ಅವರ ಹೆಸರಿದೆ.

ಇಷ್ಟೆಲ್ಲ ಕಲಿತು ಸ್ವದೇಶಕ್ಕೆ ಹಿಂದಿರುಗಿದವರಿಗೆ ದೊರೆತ ಸ್ವಾಗತವಾದರೂ ಎಂತಹುದು? ವಾರ್ಡಿನ ಮೇಲ್ವಿಚಾರಣೆ ನಡೆಸುವ ಸಿಸ್ಟರ್ ಹುದ್ದೆಯು ಬ್ರಿಟಿಷರಿಗೆ ಮೀಸಲಾದುದೆಂದು ಅದನ್ನು ಅವರಿಗೆ ಮೊದಲು ನಿರಾಕರಿಸಲಾಯಿತು. ನೈಟಿಂಗೇಲಳ ಶಾಲೆಯಲ್ಲಿಯೇ ತೇರ್ಗಡೆಯಾದವರಿಗೆ, ಅದೇ ವಿದ್ಯೆಯನ್ನು ಕಲಿತ ಇತರರಿಗೆ ಸಲ್ಲುವ ಸ್ಥಾನವು ತಾವು ಹುಟ್ಟಿದ ನೆಲದಲ್ಲಿಯೇ ಸಲ್ಲಲಿಲ್ಲ. ತಂದೆ ಅಂಜಿದುದು ಇದಕ್ಕೇ. ಆದರೂ ಅವರು ಇಬಾದಾನಿನ ಆಸ್ಪತ್ರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. ಮೇಟ್ರನ್ ಆದ ಮರುವರ್ಷವೇ, 1965ರಲ್ಲಿ, ನೈಜೀರಿಯಾ ಒಕ್ಕೂಟ ಸರಕಾರದ ಮುಖ್ಯ ಶುಶ್ರೂಷಾ ಅಧಿಕಾರಿಣಿಯಾಗಿ, ಆ ಹುದ್ದೆಗೇರಿದ ಪ್ರಥಮ ನೈಜೀರಿಯನ್ ಎನಿಸಿದರು.

ಆದರೆ ಅವರನ್ನು ನಾವು ಗೌರವಿಸಬೇಕಾದುದು ಹುದ್ದೆಗಳಿಗಾಗಿ ಮಾತ್ರವಲ್ಲ. ಬಿಳಿಯ ಮೇಟ್ರನ್ ಹೋಗಿ ಕರಿಯ ಮೇಟ್ರನ್ ಬಂದು, ಉಳಿದುದೆಲ್ಲ ಇದ್ದಂತೆಯೇ ಇದ್ದಿದ್ದರೆ ಬಡ ರೋಗಿಗೆ ಅದರಿಂದ ಏನು ಲಾಭ? ಪ್ರ್ಯಾಟ್ ಅವರು ಅಧಿಕಾರವನ್ನು ಸಂಸ್ಥೆಗಳ ನಿರ್ಮಾಣಕ್ಕೆ ವಿನಿಯೋಗಿಸಿದರು. 1965ರಲ್ಲಿ ಇಬಾದಾನ್ ವಿಶ್ವವಿದ್ಯಾಲಯದಲ್ಲಿ ಶುಶ್ರೂಷಾ ವಿಭಾಗವು ಆರಂಭವಾಗುವುದಕ್ಕೆ ಶ್ರಮಿಸಿದವರಲ್ಲಿ ಅವರು ಅಗ್ರಗಣ್ಯರು. ದಾದಿಯೆಂದರೆ ವೈದ್ಯನ ಮಾತನ್ನು ಪಾಲಿಸುವ ಆಜ್ಞಾಧಾರಕಳು, ಅವಳಿಗೆ ಕೈಚಳಕವಿದ್ದರೆ ಸಾಕು, ಶಾಸ್ತ್ರಜ್ಞಾನವೇತಕ್ಕೆ ಎಂಬ ಅಭಿಪ್ರಾಯವು ವಿದ್ಯಾವಂತರಲ್ಲಿಯೂ ಬೇರೂರಿದ್ದ ಕಾಲದಲ್ಲಿ, ಶುಶ್ರೂಷೆಯೂ ಪದವಿಗೆ ಯೋಗ್ಯವಾದ ವಿದ್ಯೆಯೆಂದು ಎದೆಗಾರಿಕೆಯಿಂದ ಸಾಧಿಸಿ ತೋರಿಸಿದುದು ಅವರ ಜೀವನದ ಮಹತ್ಕಾರ್ಯವೆಂದು ನನ್ನ ನಿಶ್ಚಿತವಾದ ಮತ. ವೃತ್ತಿಯವರು ತಮ್ಮ ಅನುಭವವನ್ನೂ ವಿಚಾರವನ್ನೂ ಬರೆದು ಹಂಚಿಕೊಳ್ಳಲೆಂದು ದಾದಿಯರದೇ ಆದ ನಿಯತಕಾಲಿಕೆಯೊಂದನ್ನೂ ಅವರು ಕಟ್ಟಿದರು. ಮುಂದೆ ಲಾಗೋಸ್ ರಾಜ್ಯದ ಆರೋಗ್ಯ ಕಮಿಷನರ್ ಆಗಿ, ಎಂದರೆ ಸಚಿವರಿಗೆ ಸಮಾನವಾದ ಸ್ಥಾನದಲ್ಲಿ, ಸೇವೆ ಸಲ್ಲಿಸಿದರು. 1973ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯು ಫ್ಲಾರೆನ್ಸ್ ನೈಟಿಂಗೇಲ್ ಪದಕವನ್ನಿತ್ತು ಅವರನ್ನು ಸಮ್ಮಾನಿಸಿತು. ಅವರು ಕಾಲವಾದುದು 1992ರಲ್ಲಿ.

ಈ ವೃತ್ತಾಂತವು ನಮಗೆ ದೂರದ್ದಲ್ಲ. ನಮ್ಮ ದೇಶದ ಸ್ಥಿತಿಯೂ ಸ್ವಾತಂತ್ರ್ಯಕ್ಕೆ ಮುಂಚೆ ಶೋಚನೀಯವಾಗಿತ್ತು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯ ಪ್ರಕಾರ ಆಗ ಸುಮಾರು 43,000 ಜನರಿಗೆ ಒಬ್ಬ ದಾದಿ ಇದ್ದಳು. ಅದೇ ವರ್ಷದಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಯ ಪದವಿ ಶಿಕ್ಷಣವು ಆರಂಭವಾಯಿತು. ಈಗ ಕರ್ನಾಟಕದಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಬೆಂಗಳೂರು, ಮಂಗಳೂರುಗಳಲ್ಲಿ ಓದಿದ ತರುಣಿಯರು ಕೊಲ್ಲಿ ರಾಷ್ಟ್ರಗಳಲ್ಲಿಯೂ ಬ್ರಿಟನ್ನಿನಲ್ಲಿಯೂ ರೋಗಿಗಳ ಸೇವೆಯಲ್ಲಿ ನಿರತರಾಗಿದ್ದಾರೆ. ಶಿಕ್ಷಣವನ್ನು ನಾವು ವಿಸ್ತರಿಸಿದೆವು, ಸರಿ, ಅಧಿಕಾರವನ್ನು ಹಂಚಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಪಾಳಿಗೆ ಎಷ್ಟು ದಾದಿಯರು ಬೇಕು, ಅವರ ವಸತಿಯ ವ್ಯವಸ್ಥೆ ಹೇಗಿರಬೇಕು, ಅವರಿಗೆ ಎಷ್ಟು ಸಂಬಳ ಸಲ್ಲಬೇಕು ಎಂಬ ನಿರ್ಣಯಗಳನ್ನು ಬಹುಮಟ್ಟಿಗೆ ವೈದ್ಯರೂ ಆಡಳಿತಾಧಿಕಾರಿಗಳೂ ಕೈಗೊಳ್ಳುತ್ತಾರೆ; ರಾತ್ರಿಯಿಡೀ ರೋಗಿಯ ಬಳಿ ನಿಂತವಳ ಮಾತನ್ನು ಕೇಳುವವರು ವಿರಳ.

ಆದುದರಿಂದ ನಮ್ಮ ಸರಕಾರಕ್ಕೆ ಒಂದು ವಿಜ್ಞಾಪನೆ. ಆರೋಗ್ಯ ಇಲಾಖೆಯ ನೀತಿ ನಿರೂಪಣೆಯ ಸಭೆಗಳಲ್ಲಿ ದಾದಿಯರಿಗೆ ಶಾಶ್ವತವಾದ ಸ್ಥಾನವಿರಲಿ. ಅವರ ಮೇಲಧಿಕಾರಿಯನ್ನು ಅವರೊಳಗಿನಿಂದಲೇ ಆರಿಸಿ, ಹಣಕಾಸಿನ ಅಧಿಕಾರವನ್ನೂ ನೇಮಕಾತಿಯ ಅಧಿಕಾರವನ್ನೂ ಆ ವ್ಯಕ್ತಿಗೆ ಕೊಡಲಿ.