ಅಗಲ ಹೆಚ್ಚಾದರೆ ಹಿಡಿತ ಹೆಚ್ಚುವುದೇ?

ಅಮೆರಿಕದಲ್ಲಿ ಹೋಂಡಾ ಗೋಲ್ಡ್ ವಿಂಗ್‌ನಂಥ ಭಾರೀ ಬೈಕುಗಳ ಹಿಂದಿನ ಚಕ್ರಕ್ಕೆ ಕೆಲವರು ಕಾರಿನ ಟೈರ್ ಹಾಕಿಸುವುದನ್ನು ಕಳೆದ ಸಂಚಿಕೆಯ ಲೇಖನ ಜಾಣತನವೆಂದು ಹೊಗಳಿದೆ. ನಾನು ಒಪ್ಪಲಾರೆ. ಬಾಳಿಕೆ ಹೆಚ್ಚು, ಖರ್ಚು ಕಡಿಮೆ ಎಂಬುದು ನಿಜ. ಆದರೆ ‘ಅಗಲ ಟೈರ್‌ಗೆ ಹಿಡಿತವೂ ಹೆಚ್ಚು’ ಎಂಬ ಮಾತು ನೇರ ರಸ್ತೆ ಮುಗಿಯುವವರೆಗೆ ಮಾತ್ರ.

ಎರಡೂ ಟೈರ್‌ಗಳನ್ನು ಪಕ್ಕಪಕ್ಕ ನಿಲ್ಲಿಸಿ ಅಂಗೈಯಿಂದ ಸವರಿ ನೋಡಿ. ಬೈಕಿನದು ಅಂಚಿನಿಂದ ಅಂಚಿಗೆ ದುಂಡಗೆ ಬಾಗಿದೆ. ಕಾರಿನದು ಹಲಗೆಯಂತೆ ಚಪ್ಪಟೆ, ಅಂಚಿಗೆ ಬಂದಾಗ ಥಟ್ಟನೆ ಇಳಿಯುತ್ತದೆ. ತಿರುವಿನಲ್ಲಿ ಬೈಕು ವಾಲಲೇಬೇಕು. ಆಗ ಆ ಅಗಲವೆಲ್ಲ ಒಂದು ಬದಿಯಲ್ಲಿ ಮೇಲೇಳಲು ನೋಡುತ್ತದೆ, ಭಾರ ಇನ್ನೊಂದು ಅಂಚಿಗೆ ಸರಿಯುತ್ತದೆ. ಗಾಡಿ ನೆಟ್ಟಗಾಗಲು ಹವಣಿಸುತ್ತದೆ. ಸವಾರ ಹ್ಯಾಂಡಲನ್ನು ಒತ್ತಿ ಹಿಡಿದೇ ಇರಬೇಕು.

ರಿಮ್‌ನ ವಿಷಯವನ್ನಂತೂ ಲೇಖನ ಮುಟ್ಟಿಯೇ ಇಲ್ಲ. ಎರಡರ ಮೇಲೂ 16 ಇಂಚು ಎಂದೇ ಇದ್ದರೂ, ಟೈರಿನ ಅಂಚು ಕೂರುವ ಜಾಗದ ಆಕಾರ ಬೈಕಿನ ರಿಮ್‌ನಲ್ಲೇ ಬೇರೆ, ಕಾರಿನದರಲ್ಲೇ ಬೇರೆ. ಟೈರ್ ತಯಾರಕರು ಬೇಡವೆನ್ನುವುದಕ್ಕೆ ಇದೂ ಕಾರಣ. ಅದನ್ನು ವ್ಯಾಪಾರದ ತಂತ್ರವೆಂದು ತಳ್ಳಿಹಾಕುವುದು ಹೊಣೆಗೇಡಿತನ.

ಸೈಡ್‌ಕಾರ್ ಜೋಡಿಸಿದ ಬೈಕಿನ ಮಾತು ಬೇರೆ. ಅದು ಹಾಗೆ ವಾಲುವುದಿಲ್ಲ, ಅಲ್ಲಿ ಚಪ್ಪಟೆ ಟೈರ್ ಒಗ್ಗುತ್ತದೆ.

‘ಸಾವಿರಾರು ಮೈಲಿ ಓಡಿಸಿದ್ದೇವೆ, ಏನೂ ಆಗಿಲ್ಲ’ ಎಂಬುದೇ ಸಾಕ್ಷಿಯಂತೆ. ಆ ಮೈಲಿಗಳಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಒದ್ದೆ ತಿರುವಿನ ನಡುವೆ ಗಕ್ಕನೆ ಬ್ರೇಕ್ ಒತ್ತಬೇಕಾಗಿ ಬಂದದ್ದು ಎಷ್ಟು ಸಲ?